ಚಪ್ಪರ ಹರಿದು ಬಿದ್ದ ಮದುಮಗ

ಹೊಲಿಗೆ ಅಂಗಡಿಗೆ ಹೊಸದಾಗಿ ಸೇರಿದ್ದ ಹುಡುಗಿಗೆ, ಯಾರಿಗಾದರೂ ಒಂದು ಸಿನಿಮಾ ನೋಡಲು ಹೇಳದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಪಕ್ಕದ ಮಿಷನ್ನಿನ ಅಕ್ಕ ಒಮ್ಮೆಯೂ ನಕ್ಕಿದ್ದನ್ನು ಅವಳು ಕಂಡಿರಲಿಲ್ಲ. ಹೇಗಾದರೂ ನಗಿಸಬೇಕೆಂದು ಊಟದ ಹೊತ್ತಿಗೆ ಬೆನ್ನು ಬಿದ್ದಳು.

“ಈ ಕಾಮಿಡಿ ನೋಡ್ಲೇಬೇಕು ಅಕ್ಕ. ಮದುಮಗ ಮಹಡಿಯಿಂದ ಚಪ್ಪರ ಹರ್ಕೊಂಡು ನೆಲಕ್ಕೆ ಬೀಳ್ತಾನೆ. ಏಳೋದೇ ಇಲ್ಲ. ಒಂದು ಕೈ ಮಾತ್ರ ಟಾಟಾ ಮಾಡಿದ ಹಾಗೆ ಆಡುತ್ತೆ. ಥಿಯೇಟರ್ ತುಂಬಾ ಶಿಳ್ಳೆ.”

ಅಕ್ಕ ಕಲಸಿದ ತುತ್ತನ್ನು ಡಬ್ಬಿಗೇ ಬಿಟ್ಟಳು.

“ಆ ಕೈಯಲ್ಲಿ ಕೆಂಪು ದಾರ ಇತ್ತಾ?”

“ಇತ್ತು. ಅಂದ್ರೆ ನೀವಾಗ್ಲೇ ನೋಡಿದ್ದೀರಿ.”

“ಇಲ್ಲ. ದಾರ ಕಟ್ಟಿದ್ದು ನಾನು. ಹೀರೋಗೆ ಡೂಪ್ ಆಗಿ ಬಿದ್ದದ್ದು ನಮ್ಮ ಯಜಮಾನ್ರು. ಆ ಶಾಟ್ ಸಿನಿಮಾದಲ್ಲಿ ಇರಲ್ಲ ಅಂತ, ಅವರ ಮಣ್ಣಿಗೆ ಬಂದಾಗ ಡೈರೆಕ್ಟ್ರು ಕೈಮುಗಿದು ಹೇಳಿದ್ರು.”