ಜೋರಮ್ಮನ ಹೇಳಿಕೆ

ಕಾರ್ಮಿಕ ಇಲಾಖೆಯ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, "ಹೇಳಮ್ಮ" ಎಂದರು. ಜೋರಮ್ಮನ ಗಂಟಲಿನಿಂದ ಬರೀ ಗಾಳಿ ಬಂತು.

ಮಗ್ಗದ ಶೆಡ್ಡಿನ ಹನ್ನೊಂದು ಹೆಂಗಸರು ಅವಳನ್ನು ಆರಿಸಿ ಕಳಿಸಿದ್ದರು. ಹೇಳಬೇಕಾದದ್ದು ಮೂರೇ ಮಾತು. ಸದ್ದಿಗೆ ಕಿವಿ ಹೋಗುತ್ತಿದೆ, ಮುಚ್ಚಿಕೊಳ್ಳಲು ಏನಾದರೂ ಕೊಡಿ. ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿ. ಕಿವಿ ಹೋದವರನ್ನು ಕೆಲಸದಿಂದ ತೆಗೆಯಬೇಡಿ. ಇವತ್ತು ಹೇಳದಿದ್ದರೆ ದೂರಿಲ್ಲ ಎಂದು ಬರೆದು ಫೈಲು ಮುಚ್ಚುತ್ತಾರೆ. ಹತ್ತೊಂಬತ್ತು ವರ್ಷ ನಲವತ್ತು ಮಗ್ಗಗಳ ಸದ್ದಿನ ಮೇಲೆ ಕೂಗಿ ಮಾತಾಡಿದವಳು. ಹೆಸರು ಬಂದದ್ದೇ ಹಾಗೆ. ಆದರೆ ಈ ಮ್ಯಾನೇಜರ್ ಕೋಣೆಯಲ್ಲಿ ಸದ್ದೇ ಇರಲಿಲ್ಲ. ತನ್ನ ದನಿ ತನಗೇ ಕೇಳಿಸಿತೆಂದರೆ ಅವಳಿಗೆ ಬಾಯಿ ಕಟ್ಟುತ್ತಿತ್ತು.

ವಾರವಿಡೀ ಮಗಳು ಅಭ್ಯಾಸ ಮಾಡಿಸಿದ್ದಳು. ಮುಖ ನೋಡಬೇಡ, ಗೋಡೆ ನೋಡು. ಉಸಿರೆಳೆದುಕೋ. ನನ್ನನ್ನೇ ಅಧಿಕಾರಿ ಅಂದುಕೋ. ಒಂದೂ ನಡೆಯಲಿಲ್ಲ. ನಿನ್ನೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದಾಗ ಮಾತ್ರ ಜೋರಮ್ಮ ಎರಡು ಮಾತನ್ನು ತಡವರಿಸದೆ ಹೇಳಿದಳು. ಮೂರನೆಯದರ ನಡುವೆ ಮಿಕ್ಸಿ ನಿಂತಿತು. ಅವಳೂ ನಿಂತಳು.

"ನಾಳೆ ಇದನ್ನೂ ಹೊತ್ಕೊಂಡು ಹೋಗಮ್ಮ," ಎಂದಿದ್ದಳು ಮಗಳು.

ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೊರಗಿದ. "ಇವರಿಗೇನೂ ದೂರಿಲ್ಲ ಅಂತ ಕಾಣತ್ತೆ ಸಾರ್."

ಅಧಿಕಾರಿಯ ಪೆನ್ನು ಹಾಳೆಗೆ ತಾಗಿತು. ಜೋರಮ್ಮ ಎದ್ದು ನಿಂತಳು.

"ಶೆಡ್ಡಿಗೆ ಬನ್ನಿ ಸಾರ್. ಅಲ್ಲಿ ಹೇಳ್ತೀನಿ."

"ಇಲ್ಲೇ ಹೇಳಿದ್ರೆ ಏನಾಗತ್ತೆ?" ಎಂದ ಮ್ಯಾನೇಜರ್.

"ಇಲ್ಲಿ ಬಾಯಿ ಬರಲ್ಲ."

ಶೆಡ್ಡಿನಲ್ಲಿ ನಲವತ್ತೂ ಮಗ್ಗ ಓಡುತ್ತಿದ್ದವು. ಜೋರಮ್ಮ ತನ್ನ ಮಗ್ಗದ ಪಕ್ಕ ನಿಂತು, ಎಂದಿನಂತೆ ಅದರ ಚೌಕಟ್ಟಿನ ಮೇಲೆ ಕೈಯಿಟ್ಟು, ಅಧಿಕಾರಿಯ ಮುಖವನ್ನೇ ನೋಡುತ್ತ ಮಾತಾಡಿದಳು. ಯಾವ ವರ್ಷ ಯಾರ ಕಿವಿ ಹೋಯಿತು, ಯಾರು ಮನೆಯಲ್ಲಿ ಮಗು ಅತ್ತರೂ ಏಳುವುದಿಲ್ಲ, ಎಲ್ಲ ಹೇಳಿದಳು. ಮನೆಯಲ್ಲಿ ಅಭ್ಯಾಸ ಮಾಡದ್ದನ್ನೂ ಹೇಳಿದಳು. ನಾಲ್ಕು ಮಗ್ಗ ಆಚೆ ಅವಳ ಗೆಳತಿ ನೂಲಿನ ಎಳೆ ಕಟ್ಟುತ್ತಿದ್ದಳು. ಎರಡೂ ಕಿವಿ ಹೋದವಳು. ಆ ಶೆಡ್ಡಿನಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುವವರು. ಗೆಳತಿ ಕೆಲಸ ಬಿಡದೆ ಜೋರಮ್ಮನ ತುಟಿ ಓದಿ, ತಲೆಯೆತ್ತಿ ಮೂರು ಬೆರಳು ತೋರಿಸಿದಳು. ನೀನು ಮೂರನೆಯ ಮಾತು ಬಿಟ್ಟೆ, ಎಂದು.

ಜೋರಮ್ಮ ತಲೆಯಾಡಿಸಿ ಅದನ್ನೂ ಹೇಳಿದಳು. ಅಧಿಕಾರಿ ಕಿವಿಯ ಹಿಂದೆ ಅಂಗೈ ಮಡಚಿ ಹಿಡಿದು ನಿಂತೇ ಇದ್ದರು. ಇನ್ನೊಂದು ಕೈಯಲ್ಲಿ ಪುಸ್ತಕ ಖಾಲಿಯಾಗಿಯೇ ಇತ್ತು.

ಹೊರಗೆ ಬಂದು ಬಾಗಿಲು ಹಾಕಿದ ಮೇಲೆ ಅಂಗಳ ನಿಶ್ಶಬ್ದವಾಗಿತ್ತು.

"ನಂಗೊಂದಕ್ಷರಾನೂ ಕೇಳಿಸ್ಲಿಲ್ಲಮ್ಮ," ಎಂದು ಅಧಿಕಾರಿ ಅರಚಿದರು. ಗೇಟಿನ ಹತ್ತಿರ ಕಾವಲುಗಾರ ತಿರುಗಿ ನೋಡಿದ. "ಏನಂತ ಬರ್ಕೊಳ್ಳಲಿ?"

"ಮೊದಲು ಅದನ್ನೇ ಬರ್ಕೊಳ್ಳಿ ಸಾರ್," ಎಂದಳು ಜೋರಮ್ಮ. ತನ್ನ ದನಿ ತನಗೆ ಕೇಳಿಸಿತು. ಅವಳು ನಿಲ್ಲಿಸಲಿಲ್ಲ. "ಉಳಿದದ್ದು ಇನ್ನೊಂದ್ಸಲ ಹೇಳ್ತೀನಿ. ನೀವು ಕೂಗ್ಬೇಡಿ, ಇಲ್ಲಿ ಮಗ್ಗ ಇಲ್ಲ."