ಹಸಿರು ವೈರು

"ಗೀಸರಿಗೂ ಅರ್ಥಿಂಗ್ ಕೊಟ್ಟೀರೇನ್ರಿ?" ಎಂದು ವೈರಿಂಗ್ ಪರೀಕ್ಷಿಸಲು ಬಂದಿದ್ದ, ಲೈಸನ್ಸ್ ಇದ್ದ ಗುತ್ತಿಗೆದಾರ ರಾಚಪ್ಪ ಕೇಳಿದಾಗ, "ಹೂಂನ್ರಿ, ಕೊಟ್ಟೇನಿ" ಎಂಬ ಮಾತು ಶ್ರೇಣಿಕನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಕಲ್ಲೋಳಿಯ ತನ್ನ ಮನೆಯ ವೈರಿಂಗನ್ನೆಲ್ಲ ಅವನೇ ಹೊಸದಾಗಿ ಮಾಡಿದ್ದ. ಕೊನೆಗೆ ಬಚ್ಚಲಿಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಹಸಿರು ವೈರು ಸಾಲದಾದಾಗ, ಆಮೇಲೆ ನೋಡಿದರಾಯಿತೆಂದು ಗೋಡೆಗೆ ಟೈಲ್ಸ್ ಕೂಡಿಸಿಬಿಟ್ಟಿದ್ದ.

"ಭಾಳ ಚಲೋ ಮಾಡೀರಿ" ಎಂದು ರಾಚಪ್ಪ ವಿದ್ಯುತ್ ಕಚೇರಿಗೆ ಕೊಡಬೇಕಾದ ಪರೀಕ್ಷಾ ವರದಿಗೆ ಸಹಿ ಹಾಕಲು ಪೆನ್ನು ತೆಗೆದ. ಶ್ರೇಣಿಕನ ಹೆಂಡತಿ ಮಯೂರಿ ಹೆಮ್ಮೆಯಿಂದ ಚಹಾ ತಂದಿಟ್ಟಳು. ಈಗ ಖರೆ ಹೇಳಿದರೆ ಟೈಲ್ಸ್ ಒಡೆಯಬೇಕು, ಇವರೆದುರು ಸುಳ್ಳನಾಗಬೇಕು. ಹೇಳದಿದ್ದರೆ ಒಂದಿಲ್ಲೊಂದು ದಿನ ನೀರಿಗೇ ಕರೆಂಟ್ ಇಳಿದೀತು. ಶ್ರೇಣಿಕ ಪೆನ್ನಿನ ತುದಿಯನ್ನೇ ನೋಡಿದ.

ಅಷ್ಟರಲ್ಲಿ ತಾಯಿ ಕಮಲವ್ವ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದಳು. "ಗೀಸರ್ ಹಚ್ಚೇನಪಾ. ಮಗಾ ಕೂಡಿಸಿದ್ದು, ಮೊದಲ ಜಳಕಾ ನಂದ" ಎನ್ನುತ್ತ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಶ್ರೇಣಿಕ ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದ. ಫ್ಯಾನು ನಿಂತಿತು. "ಅವ್ವಾ, ನಳ ಮುಟ್ಟಬ್ಯಾಡ, ಹೊರಗ ಬಾ!" ಎಂದು ಕೂಗಿ, ರಾಚಪ್ಪನ ಕಡೆ ತಿರುಗಿದ.

"ಸಹಿ ಹಾಕಬ್ಯಾಡ್ರಿ. ಗೀಸರಿಗೆ ಅರ್ಥಿಂಗ್ ಕೊಟ್ಟಿಲ್ರಿ."