ಹದಿನೇಳನೇ ನಂಬರಿನ ಕಲ್ಲು

ತೀರ್ಪುಗಾರರ ಅಧ್ಯಕ್ಷರು ಹದಿನೇಳನೇ ನಂಬರಿನ ಸುತ್ತ ಮೂರು ಸಲ ಸುತ್ತಿದರು. ನೆಲದಲ್ಲಿ ಹೂತ ಎರಡು ಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಅಷ್ಟೇ. ದೇವರಿಲ್ಲ ದಿಂಡರಿಲ್ಲ, ಒಂದು ಹೂವಿನ ಎಸಳೂ ಇಲ್ಲ.

"ಶಿಲ್ಪ ಎಲ್ಲಯ್ಯಾ?"

"ಇದೇ ಸಾರ್," ಎಂದ ಲಿಯಾಕತ್ ಅಲಿ. ಶಿರಾದಲ್ಲಿ ಒರಳುಕಲ್ಲು, ಬೀಸುವ ಕಲ್ಲು, ಗೋರಿಕಲ್ಲು ಕಡಿದು ಬದುಕುವವನು. ಬಗಲಲ್ಲಿ ಉಳಿ-ಸುತ್ತಿಗೆಯ ಚೀಲ, ಮುಖದಲ್ಲಿ ಬಹುಮಾನ ಆಗಲೇ ಮನೆ ಸೇರಿದವನ ಕಳೆ.

ವಿಶ್ವವಿದ್ಯಾಲಯದವರು ಮಧುಗಿರಿ ದಾರಿಯಲ್ಲಿ ಹೊಸ ಕ್ಯಾಂಪಸ್ಸು ಎಬ್ಬಿಸಿದಾಗ, ಅರವತ್ತನಾಲ್ಕರಲ್ಲಿ, ಯಾವನೋ ಕಂಟ್ರಾಕ್ಟರು ಕಾಲುದಾರಿಯ ಪಕ್ಕದ ಹಳೆಯ ಹೊರೆಗಲ್ಲನ್ನು ಕಿತ್ತು ಅಡಿಪಾಯಕ್ಕೆ ತುಂಬಿದ್ದ. ಒಂಟಿಯಾಗಿ ಬರುವವರು ತಲೆಹೊರೆ ಇಳಿಸಿ, ಸುಧಾರಿಸಿಕೊಂಡು, ಮತ್ತೆ ತಾವೇ ಹೊತ್ತು ಹೊರಡಲೆಂದು ಹಿಂದಿನವರು ನೆಟ್ಟಿದ್ದ ಕಲ್ಲು ಅದು. ನೆಲಕ್ಕೆ ಇಳಿಸಿದರೆ ಮತ್ತೆ ತಲೆಗೆ ಎತ್ತಿಕೊಡುವವರು ಯಾರು? ಇನ್ನೊಂದು ನೆಟ್ಟುಕೊಡುತ್ತೇನೆಂದು ಲಿಯಾಕತ್ ಎರಡು ವರ್ಷ ಕಚೇರಿಗೆ ಅಲೆದ. ಕಲ್ಲು ನೆಡುವುದಕ್ಕೆ ಫಾರಂ ಇಲ್ಲ ಎಂದರು. ಆಮೇಲೆ ಬಯಲು ಶಿಲ್ಪ ಸ್ಪರ್ಧೆಯ ನೋಟೀಸು ಬಂತು. ಅದಕ್ಕೆ ಫಾರಂ ಇತ್ತು. 'ತೀರ್ಪುಗಾರರು ಒಪ್ಪಿದ ಶಿಲ್ಪಗಳು ಆವರಣದಲ್ಲೇ ಶಾಶ್ವತವಾಗಿ ಉಳಿಯತಕ್ಕದ್ದು' ಎಂಬ ಕೊನೆಯ ಸಾಲನ್ನು ಅವನು ಎರಡು ಸಲ ಓದಿಸಿಕೊಂಡು ಕೇಳಿದ್ದ.

ಒಪ್ಪದಿದ್ದರೆ ಕೂಡಲೇ ಕಿತ್ತು ಹಾಕುವುದು. ಅದಕ್ಕೆಂದೇ ಜವಾನ ಮಾರಣ್ಣ ಹೆಗಲ ಮೇಲೆ ಹಾರೆ ಹೊತ್ತುಕೊಂಡು ಬೆಳಗಿನಿಂದ ಅಧ್ಯಕ್ಷರ ಹಿಂದೆ ಹಿಂದೆ ತಿರುಗುತ್ತಿದ್ದ.

ಅಧ್ಯಕ್ಷರು ಚಪ್ಪಡಿಯ ಮೇಲೆ ಕೈಯಾಡಿಸಿದರು. "ಮೇಲೆಲ್ಲ ಒರಟು. ಕೆಲಸವನ್ನೇ ಮುಗಿಸಿಲ್ಲ ನೀನು."

"ಮುಗಿಸಿದ್ದೀನಿ ಸಾರ್. ನೆತ್ತಿ ನುಣ್ಣಗಿದ್ರೆ ಹೊರೆ ಜಾರ್ತದೆ. ಅಂಚು ಮುಟ್ಟಿ ನೋಡಿ, ರೇಷ್ಮೆ! ಗಂಟಿನ ಬಟ್ಟೆ ಹರೀಬಾರ್ದಲ್ಲ?"

"ಪೀಠವೂ ಇಲ್ಲ."

"ಪೀಠದ ಮೇಲೆ ಕೂರ್ಸಿದ್ರೆ ಹೆಣ್ಮಕ್ಕಳಿಗೆ ಎಟುಕಲ್ಲ ಸಾರ್. ನಮ್ಮ ಮನೆಯವಳು ರಹಮತ್ ಬೀನ್ನೇ ಗೋಡೆಗೆ ನಿಲ್ಸಿ, ಕಿವಿ ಮಟ್ಟಕ್ಕೆ ಗೀಟು ಹಾಕ್ಕೊಂಡು ಅಳತೆ ತಂದಿದ್ದೀನಿ. ಗೋಡೆ ಗಲೀಜಾಯ್ತು ಅಂತ ಅರ್ಧ ದಿನ ಬೈದ್ಲು. ಅಳತೆ ಮಾತ್ರ ಒಂದು ನೂಲೂ ತಪ್ಪಿಲ್ಲ."

ಅಧ್ಯಕ್ಷರ ತಾಳ್ಮೆ ಮುಗಿಯಿತು. ಅವರು ಕೆಟ್ಟವರಲ್ಲ, ಹದಿನಾರು ಶಿಲ್ಪ ನೋಡಿ ಬಿಸಿಲಿಗೆ ಬೆಂದಿದ್ದರು. ಎದುರಿಗಿದ್ದ ಒಂಬತ್ತನೇ ನಂಬರಿನ ಕಡೆ ಕೈ ತೋರಿಸಿದರು. ತಲೆಯ ಮೇಲೆ ದೊಡ್ಡ ಮೂಟೆ ಹೊತ್ತು ನಿಂತ ಹೆಂಗಸಿನ ಗಾರೆಯ ಮೂರ್ತಿ ಅದು. ಮೊದಲ ಬಹುಮಾನದ ಕೆಂಪು ರಿಬ್ಬನ್ನನ್ನು ಆಗಲೇ ಕಟ್ಟಿಸಿಕೊಂಡಿತ್ತು.

"ನೋಡು, ಆ ಕತ್ತಿನ ನರ ನೋಡು. ಹುಬ್ಬಿನ ದಣಿವು ನೋಡು. ಕಲೆ ಅಂದರೆ ಅದು. ಮಾರಣ್ಣ, ಇದನ್ನು ಕೀಳು."

ಮಾರಣ್ಣ ಒಂದು ಹೆಜ್ಜೆ ಮುಂದಿಟ್ಟ. ಲಿಯಾಕತ್ ಜಾಗ ಬಿಟ್ಟು ಕದಲಲಿಲ್ಲ.

"ಒಂದು ಬೀಡಿ ಸೇದೋಷ್ಟು ಹೊತ್ತು ನಿಲ್ಲಿ ಸಾರ್. ಇವತ್ತು ಸಂತೆ."

ಬೀಡಿ ಹಚ್ಚುವ ಅಗತ್ಯವೇ ಬೀಳಲಿಲ್ಲ. ಕುರುಬರಹಟ್ಟಿಯ ಹೊನ್ನಕ್ಕ ಕಂಬಳಿಯ ಗಂಟು ಹೊತ್ತು ಕಾಲುದಾರಿಯಲ್ಲಿ ಒಬ್ಬಳೇ ಬರುತ್ತಿದ್ದಳು. ಕಲ್ಲು ಕಣ್ಣಿಗೆ ಬಿದ್ದದ್ದೇ ನಡಿಗೆ ಚುರುಕಾಯಿತು. ಅಲ್ಲಿ ನಿಂತಿದ್ದ ದೊಡ್ಡ ಮನುಷ್ಯರನ್ನು ಅವಳು ನೋಡಲೂ ಇಲ್ಲ. ನೇರ ಕಲ್ಲಿನ ಮುಂದೆ ಬಂದು, ಮಂಡಿ ತುಸು ಬಗ್ಗಿಸಿ ತಲೆ ಹಿಂದಕ್ಕೆ ತೆಗೆದಳು. ಗಂಟು ಚಪ್ಪಡಿಯ ಮೇಲೆ ಕೂತಿತು, ಜಾರಲಿಲ್ಲ. ಹೊನ್ನಕ್ಕ ತಲೆಯ ಸಿಂಬಿ ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಂಡು ಉಸಿರು ಬಿಟ್ಟಳು.

"ಯಾವ ಪುಣ್ಯಾತ್ಮ ನೆಟ್ಟನೋ, ಅವನ ಹೊಟ್ಟೆ ತಣ್ಣಗಿರ್ಲಿ. ಇಲ್ಲಿ ಉಸ್ರು ಬುಟ್ಟು ಎಲ್ಡು ವರ್ಸ ಆಗಿತ್ತು ಕಣಪ್ಪ."

ಲಿಯಾಕತ್ ಚೀಲದ ದಾರ ಬಿಗಿಯತೊಡಗಿದ.

"ಏನಮ್ಮಾ, ಈ ಕಲ್ಲು ನಿನಗೆ ಚೆಂದ ಕಾಣುತ್ತಾ?" ಎಂದರು ಅಧ್ಯಕ್ಷರು.

"ಚೆಂದಗಿಂದ ನಂಗೇನ್ ಗೊತ್ತು ಸಾಮಿ? ಕತ್ತು ನಂದು, ಅದುಕ್ ಗೊತ್ತು." ಹೊನ್ನಕ್ಕನ ಕಣ್ಣು ಈಗ ಎದುರಿನ ಗಾರೆಯ ಹೆಂಗಸಿನ ಮೇಲೆ ಬಿತ್ತು. ಮೇಲಿಂದ ಕೆಳಗೆ ನೋಡಿದಳು, ತುಟಿಯಂಚಿನಲ್ಲೇ ನಕ್ಕಳು. "ಅಚ್ಚುಕಟ್ಟಾಗೇ ಮಾಡವ್ರೆ ಬುಡಿ. ಆದ್ರೆ ಆ ಯಮ್ಮ ಯಾವಾಗಿಂದ ಇಂಗೆ ಹೊತ್ಕಂಡೇ ನಿಂತವ್ಳೆ ಸಾಮಿ? ಪಾಪ, ಇತ್ಲಾಗ್ ಬರೇಳಿ. ಇನ್ನೊಂದು ಗಂಟಿಗೆ ಜಾಗ ಐತೆ."

ಅಧ್ಯಕ್ಷರು ತಾವೇ ಹೊಗಳಿದ ಆ ಕತ್ತಿನ ನರವನ್ನು ಮತ್ತೊಮ್ಮೆ ನೋಡಿದರು. ಪೆನ್ನಿನ ಮುಚ್ಚಳ ತೆಗೆದು ಹದಿನೇಳನೇ ನಂಬರಿನ ಎದುರು 'ಒಪ್ಪಿದೆ' ಎಂದು ಬರೆದರು.

"ಮಾರಣ್ಣ, ಹಾರೆ ಇಳಿಸಪ್ಪ."

ಮಾರಣ್ಣ ಬೆಳಗಿನಿಂದ ಹೊತ್ತಿದ್ದ ಹಾರೆಯನ್ನು, ಬಗ್ಗುವ ಗೋಜಿಗೇ ಹೋಗದೆ, ಕಂಬಳಿ ಗಂಟಿನ ಪಕ್ಕ ಚಪ್ಪಡಿಯ ಮೇಲಿಟ್ಟ.